ವರ್ಷವಿಡೀ ನಿಂತೇ ಇರುವ ತಂಪುನೀರಿನ ಪಂಪು ಆಪತ್ತಿನ ಹೊತ್ತಿಗೆ ಓಡುತ್ತದೆಂದು ಹೇಗೆ ಖಾತರಿ ಮಾಡಿಕೊಳ್ಳುತ್ತಾರೆ?

ಕೈಗಾ ಅಣುವಿದ್ಯುತ್ ಸ್ಥಾವರದ ಸಮೀಪದ ಊರಿನವರಾದ ತಾವು, ತುರ್ತು ತಂಪುನೀರಿನ ಪಂಪುಗಳು ಸದಾ ಸುಮ್ಮನೆ ನಿಂತಿರುವಾಗ ಬೇಕಾದ ದಿನ ಅವು ಕೆಲಸ ಮಾಡುತ್ತವೆಂಬ ಭರವಸೆ ಎಲ್ಲಿಂದ ಬರುತ್ತದೆ, ಆಗಾಗ ಸ್ಟಾರ್ಟ್ ಮಾಡಿ ನೋಡಿದರೆ ಸಾಕೇ ಎಂದು ಕೇಳಿದ್ದೀರಿ. ನಾನು ಕೈಗಾದಲ್ಲಿ ಇದ್ದವನಲ್ಲ. ಅದೇ ಬಗೆಯ, ಭಾರಜಲ (ಭಾರವಾದ ಹೈಡ್ರೋಜನ್ ಇರುವ ನೀರು) ಬಳಸುವ ರಿಯಾಕ್ಟರುಗಳಿರುವ ಬೇರೊಂದು ಸ್ಥಾವರದ ಯಾಂತ್ರಿಕ ನಿರ್ವಹಣಾ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಸ್ಟಾರ್ಟ್ ಮಾಡಿ ನೋಡಿದರೆ ಸಾಲದು ಎಂಬುದೇ ನನ್ನ ಉತ್ತರ. ಪಂಪು ಓಡುತ್ತದೆಯೇ ಎಂದು ತಿಳಿಯುವುದು ಈ ತಪಾಸಣೆಯ ಸುಲಭದ ಭಾಗ. ಅದು ಎತ್ತಿದ ನೀರು ಸೇರಬೇಕಾದಲ್ಲಿಗೆ ಸೇರುತ್ತದೆಯೇ, ಪರೀಕ್ಷೆ ಮಾಡಿದವರು ಎಲ್ಲವನ್ನೂ ಮರಳಿ ಸಿದ್ಧಸ್ಥಿತಿಯಲ್ಲಿ ಬಿಟ್ಟು ಹೋಗಿದ್ದಾರೆಯೇ ಎಂಬುದು ಕಷ್ಟದ ಭಾಗ.

ಮೊದಲು ಎಷ್ಟು ನೀರು ಬೇಕಾಗುತ್ತದೆ ಎಂಬುದನ್ನು ಹೇಳುತ್ತೇನೆ. 220 ಮೆಗಾವಾಟ್ ವಿದ್ಯುತ್ ಕೊಡುವ ಒಂದು ಘಟಕದಲ್ಲಿ ರಿಯಾಕ್ಟರು ಸುಮಾರು 750 ಮೆಗಾವಾಟ್ ಶಾಖವನ್ನು ಉತ್ಪಾದಿಸುತ್ತದೆ. ರಿಯಾಕ್ಟರನ್ನು ನಿಲ್ಲಿಸಿದ ಮರುಕ್ಷಣವೂ ಇಂಧನದೊಳಗಿನ ವಿಕಿರಣಶೀಲ ಧಾತುಗಳಿಂದಾಗಿ ಅದರ ಶೇ. 6ರಿಂದ 7ರಷ್ಟು ಶಾಖ ಬರುತ್ತಲೇ ಇರುತ್ತದೆ. ಒಂದು ಗಂಟೆ ಕಳೆದ ಮೇಲೆ ಅದು ಶೇ. 1.5ರ ಆಸುಪಾಸಿಗೆ, ಅಂದರೆ ಸುಮಾರು 10 ಮೆಗಾವಾಟ್‌ಗೆ ಇಳಿಯುತ್ತದೆ. ಅಷ್ಟು ಶಾಖವನ್ನು ನೀರು ಕುದಿಸಿ ಹೊರಹಾಕಲು ಸೆಕೆಂಡಿಗೆ ನಾಲ್ಕೈದು ಲೀಟರ್ ನೀರಿದ್ದರೆ ಸಾಕು. ಬೇಕಾದ ನೀರು ಕಡಿಮೆಯೇ, ಆದರೆ ಅದು ನಿಲ್ಲಬಾರದು.

ಇದಕ್ಕೆ ನಮ್ಮ ದೇಶದಲ್ಲೇ ಸಾಕ್ಷಿಯಿದೆ. 1993ರ ಮಾರ್ಚ್ 31ರ ಬೆಳಗಿನ ಜಾವ ಉತ್ತರ ಪ್ರದೇಶದ ನರೋರಾ ಅಣುಸ್ಥಾವರದಲ್ಲಿ ಟರ್ಬೈನಿನ ಬ್ಲೇಡುಗಳು ಮುರಿದು, ಜನರೇಟರಿನ ಹೈಡ್ರೋಜನ್ ಸೋರಿ ಬೆಂಕಿ ಹೊತ್ತಿಕೊಂಡಿತು. ಕೇಬಲ್ಲುಗಳು ಸುಟ್ಟು ಸುಮಾರು 17 ಗಂಟೆಗಳ ಕಾಲ ಘಟಕಕ್ಕೆ ವಿದ್ಯುತ್ತೇ ಇರಲಿಲ್ಲ. ಆಗ ಕೈಹಿಡಿದದ್ದು ಡೀಸೆಲ್ ಎಂಜಿನ್ನಿನಿಂದ ಓಡುವ ಅಗ್ನಿಶಾಮಕ ಪಂಪುಗಳು. ಸಿಬ್ಬಂದಿ ಆ ನೀರನ್ನೇ ಸ್ಟೀಮ್ ಜನರೇಟರುಗಳಿಗೆ, ಅಂದರೆ ರಿಯಾಕ್ಟರಿನ ಶಾಖದಿಂದ ನೀರು ಕುದಿಸಿ ಹಬೆ ಮಾಡುವ ಪಾತ್ರೆಗಳಿಗೆ, ಹರಿಸಿದರು. ರಿಯಾಕ್ಟರಿನೊಳಗಿನ ಭಾರಜಲ ಪಂಪಿನ ಹಂಗಿಲ್ಲದೆ ತಾನಾಗಿಯೇ ಸುತ್ತಿ ಶಾಖವನ್ನು ಅಲ್ಲಿಗೆ ತಲುಪಿಸಿತು.

ಈ ಘಟನೆಯನ್ನು ತಪಾಸಕನ ಕಣ್ಣಿನಿಂದ ನೋಡಿದರೆ ಇನ್ನೊಂದು ವಿಷಯ ಕಾಣುತ್ತದೆ. ಸ್ಟೀಮ್ ಜನರೇಟರಿನ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 40 ಕಿಲೋಗ್ರಾಂ. ಅಗ್ನಿಶಾಮಕ ಪಂಪಿನ ಒತ್ತಡ ಅದಕ್ಕಿಂತ ಎಷ್ಟೋ ಕಡಿಮೆ. ಆದ್ದರಿಂದ ಮೊದಲು ಹಬೆಯನ್ನು ಆಕಾಶಕ್ಕೆ ಬಿಡುವ ವಾಲ್ವುಗಳು ತೆರೆದು ಒತ್ತಡ ಇಳಿಯದ ಹೊರತು, ಪಂಪು ಎಷ್ಟೇ ಚೆನ್ನಾಗಿ ಓಡಿದರೂ ಒಂದು ಹನಿ ನೀರೂ ಒಳಗೆ ಹೋಗುವುದಿಲ್ಲ. ಪಂಪ್‌ಹೌಸಿನಲ್ಲಿ ಎಲ್ಲ ಸರಿಯಿದೆ ಎಂದು ಸಹಿ ಹಾಕಿದವನು ಎಲ್ಲೋ ಮೇಲಿನ ಅಂತಸ್ತಿನಲ್ಲಿರುವ ಆ ಹಬೆ ವಾಲ್ವಿನ ಪರೀಕ್ಷೆ ಯಾವಾಗ ಆಯಿತೆಂದು ಕೇಳದಿದ್ದರೆ ಅವನ ಸಹಿಗೆ ಅರ್ಧ ಬೆಲೆ ಮಾತ್ರ.

ಪಂಪಿನ ಪರೀಕ್ಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಂಜಿನ್ನು ಮೊದಲ ಯತ್ನಕ್ಕೇ ಹತ್ತಬೇಕು; ಬ್ಯಾಟರಿಗಳ ಸ್ಥಿತಿ, ಡೀಸೆಲ್ ಟ್ಯಾಂಕಿನ ಮಟ್ಟ, ಟ್ಯಾಂಕಿನ ತಳದಲ್ಲಿ ನೀರು ನಿಂತಿದೆಯೇ ಎಂಬುದು, ಬೇರಿಂಗಿನ ಬಿಸಿ, ಕಂಪನ, ಒತ್ತಡ ಮತ್ತು ಹರಿವು ಇವೆಲ್ಲ ದಾಖಲಾಗಬೇಕು. ಒಂದು ದಿನದ ಅಂಕಿ ಮಿತಿಯೊಳಗಿದೆ ಎಂಬುದಕ್ಕಿಂತ, ಹಿಂದಿನ ಪರೀಕ್ಷೆಗಳ ಜೊತೆ ಹೋಲಿಸಿದಾಗ ಅದು ಯಾವ ಕಡೆಗೆ ಜಾರುತ್ತಿದೆ ಎಂಬುದನ್ನು ನೋಡಬೇಕು. ಇದರಲ್ಲಿ ಒಂದು ಮಿತಿಯೂ ಇದೆ. ಪಂಪನ್ನು ಸಾಮಾನ್ಯವಾಗಿ ನೀರು ಮರಳಿ ಟ್ಯಾಂಕಿಗೇ ಬೀಳುವ ಸಣ್ಣ ಪೈಪಿನ ಮೂಲಕ ಓಡಿಸುತ್ತಾರೆ. ಕಚ್ಚಾ ನೀರನ್ನು ಸ್ಟೀಮ್ ಜನರೇಟರಿಗೆ ಬಿಟ್ಟು ಪರೀಕ್ಷಿಸಿದರೆ ಅದರ ಟ್ಯೂಬುಗಳೇ ಕೆಡುತ್ತವೆ. ಹಾಗಾಗಿ ದಾರಿಯನ್ನು ತುಂಡು ತುಂಡಾಗಿ ಪರೀಕ್ಷಿಸಬೇಕಾಗುತ್ತದೆ, ಮತ್ತು ನನ್ನ ಅನುಭವದಲ್ಲಿ ದೋಷಗಳು ಅಡಗಿ ಕೂರುವುದು ಒಂದು ತುಂಡು ಮುಗಿದು ಇನ್ನೊಂದು ಶುರುವಾಗುವ ಜಾಗದಲ್ಲೇ.

ಜೋಡಿ ಪಂಪುಗಳಿರುವಲ್ಲಿ, ನೀರನ್ನು ಮುಂದಕ್ಕೆ ಮಾತ್ರ ಬಿಡುವ ನಾನ್-ರಿಟರ್ನ್ ವಾಲ್ವು ಇಂಥದೊಂದು ಜಾಗ. ಒಂದು ಪಂಪು ಓಡುತ್ತಿರುವಾಗ ನಿಂತಿರುವ ಪಂಪಿನ ಶಾಫ್ಟನ್ನು ಟಾರ್ಚ್ ಹಿಡಿದು ನೋಡಬೇಕು. ಅದು ನಿಧಾನವಾಗಿ ಹಿಂದಕ್ಕೆ ತಿರುಗುತ್ತಿದ್ದರೆ ಅದರ ವಾಲ್ವು ಕೂತಿಲ್ಲ, ನೀರು ಮುಂದೆ ಹೋಗುವ ಬದಲು ಆ ಪಂಪಿನ ಮೂಲಕ ಹಿಂದಿರುಗುತ್ತಿದೆ ಎಂದರ್ಥ. ಕಂಟ್ರೋಲ್ ರೂಮಿನ ಫಲಕದಲ್ಲಿ ಆ ಹೊತ್ತಿಗೆ ಒಂದು ಪಂಪಿಗೆ ‘ಓಡುತ್ತಿದೆ’, ಇನ್ನೊಂದಕ್ಕೆ ‘ಸಿದ್ಧವಿದೆ’ ಎಂದೇ ಇರುತ್ತದೆ. ಪೈಪಿನ ಎತ್ತರದ ತಿರುವುಗಳಲ್ಲಿ ಗಾಳಿ ಸೇರಿಕೊಳ್ಳುವುದೂ ಹೀಗೆಯೇ ಕಾಣದ ದೋಷ. ತೋಟದ ಪಂಪ್‌ಸೆಟ್ಟು ಗಾಳಿ ಹಿಡಿದು ನೀರೆತ್ತದೆ ಸತಾಯಿಸುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿನ ವೆಂಟ್ ತೆರೆದು, ನೀರು ಉಗುಳದೆ ಒಂದೇ ಸಮನೆ ಬರುವವರೆಗೆ ಕಾಯಬೇಕು.

ಇನ್ನು ಪರೀಕ್ಷೆ ಮುಗಿದ ಮೇಲಿನ ಸ್ಥಿತಿ. 1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರದ ಅಪಘಾತದಲ್ಲಿ ಮುಖ್ಯ ಫೀಡ್‌ವಾಟರ್ (ಸ್ಟೀಮ್ ಜನರೇಟರಿಗೆ ಹೋಗುವ ನೀರು) ನಿಂತಾಗ ತುರ್ತು ಪಂಪುಗಳು ತಾವಾಗಿಯೇ ಶುರುವಾದವು. ಆದರೆ ಅವುಗಳ ಮುಂದಿದ್ದ ಎರಡು ವಾಲ್ವುಗಳು ಮುಚ್ಚಿದ್ದವು. ಎರಡು ದಿನ ಹಿಂದೆ ಅದೇ ವ್ಯವಸ್ಥೆಯ ಪರೀಕ್ಷೆ ನಡೆದಿತ್ತು. ಮುಚ್ಚಿದ್ದನ್ನು ತೋರಿಸುವ ಎರಡು ದೀಪಗಳಲ್ಲಿ ಒಂದು, ಫಲಕಕ್ಕೆ ತೂಗುಹಾಕಿದ್ದ ನಿರ್ವಹಣೆಯ ಚೀಟಿಯ ಹಿಂದೆ ಮರೆಯಾಗಿತ್ತು. ವಾಲ್ವುಗಳು ಮುಚ್ಚಿರುವುದು ಸಿಬ್ಬಂದಿಯ ಗಮನಕ್ಕೆ ಬರಲು ಎಂಟು ನಿಮಿಷ ಹಿಡಿಯಿತು. ಆ ಅಪಘಾತಕ್ಕೆ ಮುಖ್ಯ ಕಾರಣ ಇದಲ್ಲ, ತೆರೆದುಕೊಂಡೇ ಉಳಿದ ಬೇರೊಂದು ವಾಲ್ವು ಎಂಬುದನ್ನೂ ಹೇಳಬೇಕು. ಆದರೂ ಓಡುವ ಪಂಪು ಮತ್ತು ತಲುಪದ ನೀರು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ಹಾಗಾಗಿಯೇ ತುರ್ತು ನೀರಿನ ದಾರಿಯಲ್ಲಿರುವ ಕೈವಾಲ್ವುಗಳನ್ನು ಬೇಕಾದ ಸ್ಥಿತಿಯಲ್ಲಿಟ್ಟು ಸರಪಳಿ ಹಾಕಿ ಬೀಗ ಜಡಿಯುತ್ತಾರೆ. ಒಬ್ಬನು ನೋಡಿ ಬರೆದ ಮೇಲೆ ಇನ್ನೊಬ್ಬನು, ಮೊದಲಿನವನ ಜೊತೆಗಲ್ಲದೆ ಬೇರೆಯಾಗಿ ಹೋಗಿ ನೋಡಬೇಕು. ಇಬ್ಬರೂ ಹರಟುತ್ತ ಒಟ್ಟಿಗೆ ಹೋದರೆ ಅದು ಒಂದೇ ತಪಾಸಣೆ. ನಮ್ಮಲ್ಲಿದ್ದ ಹಿರಿಯ ಫೋರ್‌ಮನ್ ಒಬ್ಬರು ಚಕ್ರದ ಮೇಲಿನ ಬಾಣದ ಗುರುತನ್ನು ನಂಬುತ್ತಿರಲಿಲ್ಲ. ಸ್ಪಿಂಡಲ್ (ಚಕ್ರ ತಿರುಗಿಸಿದಾಗ ಏರಿಳಿಯುವ ವಾಲ್ವಿನ ಕಡ್ಡಿ) ಎಷ್ಟು ಹೊರಗೆ ಬಂದಿದೆ ಎಂದು ನೋಡಿ, ಅದರ ಗ್ರೀಸಿನ ಮೇಲೆ ಧೂಳು ಕೂತಿದೆಯೇ, ಹೊಸದಾಗಿ ಒರೆಸಿದಂತಿದೆಯೇ ಎಂದು ಗಮನಿಸುತ್ತಿದ್ದರು. ಯಾರೂ ಮುಟ್ಟಿಲ್ಲವೆಂದು ಲಾಗ್‌ಬುಕ್ಕು ಹೇಳುವ ವಾಲ್ವಿನ ಸ್ಪಿಂಡಲ್ ಮೇಲೆ ಹಸಿ ಗೀರು ಕಂಡರೆ ಅವರು ಮುಂದಕ್ಕೆ ಹೆಜ್ಜೆ ಇಡುತ್ತಿರಲಿಲ್ಲ.

ಬಿಸಿ ನೀರಿನ ಶಾಖವನ್ನು ಟ್ಯೂಬುಗಳ ಮೂಲಕ ತಂಪು ನೀರಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರುಗಳ ಸಮಸ್ಯೆ ಸ್ಥಳದಿಂದ ಸ್ಥಳಕ್ಕೆ ಬೇರೆ. ಸಮುದ್ರದ ನೀರು ಬಳಸುವ ತಮಿಳುನಾಡಿನ ಕಲ್ಪಾಕ್ಕಂ ಸ್ಥಾವರದಲ್ಲಿ ನೀಲಿಕಲ್ಲು, ಬಾರ್ನಕಲ್ ಬಗೆಯ ಚಿಪ್ಪುಜೀವಿಗಳು ಮತ್ತು ಲೋಳೆಮೀನುಗಳ ಕಾಟ. ಕದ್ರಾ ಜಲಾಶಯದ ಸಿಹಿನೀರು ಬಳಸುವ ಕೈಗಾದಂಥಲ್ಲಿ ಹೂಳು, ಪಾಚಿಗಳ ಕಡೆ ಗಮನ ಬೇಕು. ಹರಿವು ಸರಿಯಿದ್ದರೂ ಟ್ಯೂಬಿನೊಳಗೆ ತೆಳುವಾದ ಪದರ ಕಟ್ಟಿದರೆ ಶಾಖ ಸರಿಯಾಗಿ ದಾಟುವುದಿಲ್ಲ. ಆದ್ದರಿಂದ ಹರಿವನ್ನಷ್ಟೇ ಅಳೆದು ಬಿಡದೆ ಎರಡೂ ಬದಿಯ ನೀರಿನ ಉಷ್ಣತೆಯನ್ನೂ ಅಳೆಯಬೇಕು.

ಕೊನೆಯದಾಗಿ, ಯಂತ್ರ ಇರುವ ಕೋಣೆಯೂ ತಪಾಸಣೆಗೆ ಒಳಪಡಬೇಕು. 1994ರ ಜೂನ್‌ನಲ್ಲಿ ಗುಜರಾತಿನ ಕಾಕ್ರಾಪಾರದಲ್ಲಿ ಮಳೆನೀರು ಟರ್ಬೈನ್ ಕಟ್ಟಡದ ತಳ ಅಂತಸ್ತಿಗೆ ನುಗ್ಗಿತ್ತು. 2011ರಲ್ಲಿ ಜಪಾನಿನ ಫುಕುಶಿಮಾದಲ್ಲಿ ಸುನಾಮಿಯಿಂದ ದಡದ ಸಮುದ್ರನೀರಿನ ಪಂಪುಗಳೂ ನೆಲಮಾಳಿಗೆಯ ಡೀಸೆಲ್ ಜನರೇಟರುಗಳೂ ಒಟ್ಟಿಗೆ ಮುಳುಗಿದವು; ಆರನೆಯ ಘಟಕದ ಒಂದು ಜನರೇಟರು ಗಾಳಿಯಿಂದ ತಂಪಾಗುವ ಬಗೆಯದಾಗಿದ್ದರಿಂದ ಉಳಿದುಕೊಂಡು, ಐದು ಮತ್ತು ಆರನೆಯ ಘಟಕಗಳನ್ನು ಕಾಪಾಡಿತು. ಆ ಬಳಿಕ ನಮ್ಮ ಸ್ಥಾವರಗಳಲ್ಲೂ ಹೊರಗಿನಿಂದ ಹೋಸ್ ಜೋಡಿಸಿ ನೀರು ಕೊಡುವ ಬಾಯಿಗಳನ್ನು ಅಳವಡಿಸಿದ್ದಾರೆ. ಅವುಗಳನ್ನು ತಪಾಸಣೆ ಮಾಡುವ ಒಂದೇ ಸರಿಯಾದ ವಿಧಾನವೆಂದರೆ ಹೋಸನ್ನು ನಿಜವಾಗಿ ತಂದು ಜೋಡಿಸಿ ನೋಡುವುದು, ಅದೂ ಸಾಧ್ಯವಾದರೆ ಕತ್ತಲಲ್ಲಿ.

ಪರೀಕ್ಷೆಯಲ್ಲಿ ಪಂಪು ಕೈಕೊಟ್ಟರೆ ಏನಾಗುತ್ತದೆ ಎಂದೂ ಕೇಳಿದ್ದೀರಿ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಒಪ್ಪಿದ ಕಾರ್ಯಾಚರಣೆಯ ನಿಯಮಾವಳಿ ಪ್ರತಿ ಸ್ಥಾವರಕ್ಕೂ ಇರುತ್ತದೆ. ಯಾವ ಸಾಧನ ಎಷ್ಟು ಹೊತ್ತು ಇಲ್ಲದಿದ್ದರೂ ರಿಯಾಕ್ಟರು ನಡೆಯಬಹುದು ಎಂಬುದನ್ನು ಅದರಲ್ಲಿ ಬರೆದಿರುತ್ತದೆ. ಆ ಅವಧಿಯೊಳಗೆ ರಿಪೇರಿಯಾಗಿ, ಮತ್ತೆ ಪರೀಕ್ಷೆಯಾಗಿ, ಶಿಫ್ಟಿನ ಉಸ್ತುವಾರಿ ಎಂಜಿನಿಯರು ಸಹಿ ಹಾಕದಿದ್ದರೆ ರಿಯಾಕ್ಟರನ್ನು ನಿಲ್ಲಿಸಲೇಬೇಕು.