ದೇವರಿಗೆ ಕಿವಿ ಮಂದವೇ?

ಮಂಡ್ಯದ ಓದುಗರೊಬ್ಬರ ಪತ್ರದ ಸಾರ: "ನಮ್ಮ ಚರ್ಚಿನ ಸಭೆಗೆ ನಾವು ಯುವಕರು ಸೇರಿ ಡ್ರಮ್ಸ್, ಕೀಬೋರ್ಡ್, ಎರಡು ದೊಡ್ಡ ಸ್ಪೀಕರ್ ತಂದಿದ್ದೇವೆ. ಹಿರಿಯರಿಗೆ ಸಿಟ್ಟು. ದೇವರು ಮಹೋನ್ನತನು ಅಂದಮೇಲೆ ಆರಾಧನೆಯೂ ಭರ್ಜರಿಯಾಗಿ ಇರಬೇಡವೇ?"

ಸಂಪಾದಕರ ಉತ್ತರ:

ಬೈಬಲಿನ 150ನೇ ಕೀರ್ತನೆ ನಿಮ್ಮ ಕಡೆಗಿದೆ, ಒಪ್ಪಿದೆ. ತುತೂರಿ, ದಮ್ಮಡಿ, ಝಲ್ಲೆನ್ನುವ ತಾಳ ಎಲ್ಲ ಅಲ್ಲಿವೆ. ಅದರಾಚೆಗೆ ನಿಮ್ಮ ಜೊತೆ ಬರಲಾರೆ.

ದೇವರ ಮಹತ್ವವೊಂದನ್ನೇ ಹಿಡಿದುಕೊಂಡು, ಆತ ಸರ್ವಜ್ಞ ಎಂಬುದನ್ನು ಸ್ಪೀಕರಿನ ಹಿಂದೆ ಬಿಟ್ಟುಬಿಟ್ಟಿರಿ. ಮಾತು ನಾಲಿಗೆಗೆ ಬರುವ ಮೊದಲೇ ಆತನಿಗೆ ಗೊತ್ತು ಎನ್ನುತ್ತದೆ 139ನೇ ಕೀರ್ತನೆ. ಶೀಲೋವಿನ ದೇವಾಲಯದಲ್ಲಿ ಮಕ್ಕಳಿಲ್ಲದ ಹನ್ನ ಮಗನಿಗಾಗಿ ಪ್ರಾರ್ಥಿಸಿದಾಗ ತುಟಿ ಮಾತ್ರ ಅಲುಗುತ್ತಿತ್ತು. ಕುಡಿದಿದ್ದಾಳೆ ಅಂದುಕೊಂಡ ಯಾಜಕ ಏಲಿ. ಅವನಿಗೆ ಕೇಳಿಸದ್ದು ದೇವರಿಗೆ ಕೇಳಿಸಿತು, ಸಮುವೇಲ ಹುಟ್ಟಿದ. ಅತ್ತ ಕರ್ಮೆಲ್ ಬೆಟ್ಟದಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಅರಚಿದವರು ಬಾಳನೆಂಬ ಅನ್ಯದೇವತೆಯ 450 ಪ್ರವಾದಿಗಳು. 'ಇನ್ನೂ ಜೋರಾಗಿ ಕೂಗಿ, ನಿದ್ದೆ ಹೋಗಿರಬಹುದು' ಎಂದು ದೇವರ ಪ್ರವಾದಿ ಎಲೀಯ ಗೇಲಿ ಮಾಡಿದ್ದು ಅವರನ್ನು. ನಿಮ್ಮ ಸ್ಪೀಕರ್ ಕಂಡಿದ್ದರೆ ಏನೆನ್ನುತ್ತಿದ್ದನೋ! ಕಿವುಡನ ಮುಂದೆ ಕಿನ್ನರಿ ಬಾರಿಸುವವರ ಹಾಗಾಗಿದ್ದೇವೆ, ಕೇಳುವಾತ ಕಿವುಡನಲ್ಲದಿದ್ದರೂ.

ಪ್ರಾರ್ಥನೆಯ ಕಥೆಯೂ ಅಷ್ಟೇ. ಹೋದ ವರ್ಷ ಒಂದು ಗೃಹಪ್ರವೇಶದಲ್ಲಿ ಹಿರಿಯರೊಬ್ಬರು ಮೈಕ್ ಹಿಡಿದು, 'ಕರ್ತನೇ, ಈ ಮನೆಯ ದೊಡ್ಡ ಮಗ ಬೆಂಗಳೂರಿನಲ್ಲಿ ಇಂಜಿನಿಯರು, ಸೊಸೆ ಎಂ.ಎಸ್ಸಿ.' ಎಂದು ಸರ್ವಜ್ಞನಿಗೆ ಮಾಹಿತಿ ಒದಗಿಸಿದರು. ಸೈಟಿನ ಅಳತೆಯೂ ಬಂತು, 30–40. ಕೇಳಿಸಿಕೊಳ್ಳಬೇಕಾಗಿದ್ದ ಬೀಗರು ಹಿಂದಿನ ಸಾಲಿನಲ್ಲಿದ್ದರು.

ಮೈಸೂರಿಗೆ ಬಂದಾಗ ಸಂತ ಫಿಲೋಮಿನಾ ಚರ್ಚಿನ ನೆಲಮಾಳಿಗೆಗೆ ಇಳಿದು ನೋಡಿ. ಹೊರಗೆ 175 ಅಡಿಯ ಜೋಡಿ ಗೋಪುರದ ಮುಂದೆ ಸೆಲ್ಫಿಗೆಂದು ಗಲಾಟೆ ಮಾಡುತ್ತಿದ್ದವರು ಆ ಮೆಟ್ಟಿಲು ಇಳಿಯುತ್ತಿದ್ದಂತೆ ತಾವಾಗಿಯೇ ದನಿ ತಗ್ಗಿಸುವುದನ್ನು ಎಷ್ಟೋ ಸಲ ಕಂಡಿದ್ದೇನೆ. ನಾನು ಪ್ರಾಟೆಸ್ಟೆಂಟ್, ಸಂತರ ವಿಗ್ರಹಗಳ ಬಗ್ಗೆ ನನ್ನ ತಕರಾರು ಇದ್ದೇ ಇದೆ. ಆ ಮೌನದ ಬಗ್ಗೆ ಮಾತ್ರ ಹೊಟ್ಟೆಕಿಚ್ಚು.

ಚರ್ಚನ್ನೊಂದೇ ಬೈದು ಏನು ಬಂತು? ನಮ್ಮ ಬೀದಿಯಲ್ಲಿ ನಾಮಕರಣಕ್ಕೂ ಸ್ಪೀಕರ್, ತಿಥಿಗೂ ಸ್ಪೀಕರ್. ಕಸದ ಗಾಡಿ ಕೂಡ ಹಾಡಿಕೊಂಡೇ ಬರುತ್ತದೆ. ಮನೆಯಲ್ಲಿ ಟೀವಿ ಆರಿಸಿದರೆ ಯಾರೋ ಹೋಗಿಬಿಟ್ಟರೇನೋ ಎಂದು ಪಕ್ಕದವರು ಬಂದು ವಿಚಾರಿಸುವ ಕಾಲ ಇದು.

ಡ್ರಮ್ಸ್ ಮಾರಿಬಿಡಿ ಎನ್ನುತ್ತಿಲ್ಲ, ತಮ್ಮಾ. ಪಾಪದ ಅರಿಕೆಯ ಹೊತ್ತಿಗಾದರೂ ಕೀಬೋರ್ಡಿನಿಂದ ಕೈ ತೆಗೆಯಲು ಆ ಹುಡುಗನಿಗೆ ಹೇಳಿ. ಆಗಲೂ ಹಿಂದಿನಿಂದ ಒಂದು ರಾಗ ಎಳೆಯುತ್ತಲೇ ಇರುತ್ತಾನಲ್ಲ, ಅದು ಯಾರಿಗೆ? ಒಂದು ತಿಂಗಳು ಹೀಗೆ ಮಾಡಿ ಮತ್ತೆ ಬರೆಯಿರಿ. ನಿಮ್ಮ ಹಿರಿಯರಿಗೂ ಎರಡು ಸಾಲು ಬರೆಯಲು ಹೇಳಿ.