ಓದುಗರ ಪ್ರಶ್ನೆ: ಹೊಗೆ ಬ್ಯಾರಲ್ಲಿಗೆ ಯಾವ ಬಣ್ಣ?

ಪ್ರಶ್ನೆ: ಮಾನ್ಯರೇ, ನಾನು ಸೈನ್ಯದಿಂದ ನಿವೃತ್ತನಾಗಿ ಊರಿನಲ್ಲಿ ಒಕ್ಕಲುತನ ಮಾಡಿಕೊಂಡಿದ್ದೇನೆ. ನಾಗಾಲ್ಯಾಂಡಿನಲ್ಲಿದ್ದಾಗ ಹೊಗೆಯಲ್ಲಿ ಬೇಯಿಸಿದ ಮೀನು, ಮಾಂಸದ ರುಚಿ ಹತ್ತಿತ್ತು. ಆ ಆಸೆಗೆ ಗುಜರಿಯಲ್ಲಿ ಸಿಕ್ಕ 200 ಲೀಟರಿನ ಅಡುಗೆ ಎಣ್ಣೆಯ ಬ್ಯಾರಲ್ಲನ್ನು ಅಡ್ಡ ಮಲಗಿಸಿ, ಅದರ ಪಕ್ಕಕ್ಕೆ ದಪ್ಪ ತಗಡಿನ ಚೌಕಾಕಾರದ ಒಲೆಯೊಂದನ್ನು ವೆಲ್ಡಿಂಗ್ ಮಾಡಿಸಿದೆ. ಹೊರಗೆ ರೆಡ್ ಆಕ್ಸೈಡ್ ಬಳಿದು, ಗೇಟಿಗೆ ಹಚ್ಚುವ ಕಪ್ಪು ಆಯಿಲ್ ಪೇಂಟನ್ನು ಎರಡು ಕೈ ಹೊಡೆಸಿದೆ. ಮೊದಲ ಉರಿಗೇ ಬಣ್ಣ ಹಪ್ಪಳದಂತೆ ಗುಳ್ಳೆ ಎದ್ದು ಸುಲಿಯಿತು, ಮೀನಿಗೂ ಬಣ್ಣದ ವಾಸನೆ ಹತ್ತಿತು. ಪೇಟೆಯ ಅಂಗಡಿಯೊಂದರಲ್ಲಿ 600 ಡಿಗ್ರಿ ತಡೆಯುವ ಬಣ್ಣವಿದೆ, ಆದರೆ 4 ಲೀಟರಿನ ಡಬ್ಬಿಯನ್ನೇ ಕೊಳ್ಳಬೇಕು ಎಂದರು. ಬೆಲೆ ಕೇಳಿ ಬರಿಗೈಯಲ್ಲಿ ಮರಳಿದೆ. ಕಡಿಮೆ ಖರ್ಚಿನ ದಾರಿಯೊಂದನ್ನು ತಾವು ತಿಳಿಸಬೇಕು.
— ನಿವೃತ್ತ ಸೈನಿಕರು, ಬೈಲಹೊಂಗಲ ತಾಲ್ಲೂಕು

ಉತ್ತರ: ನೀವು ಬರಿಗೈಯಲ್ಲಿ ಮರಳಿದ್ದು ಒಳ್ಳೆಯದೇ ಆಯಿತು, ಏಕೆಂದರೆ 4 ಲೀಟರಿನಲ್ಲಿ ಮೂರು ಪಾಲು ನಿಮ್ಮ ಅಟ್ಟದ ಮೇಲೆ ಒಣಗಿ ಕಲ್ಲಾಗುತ್ತಿತ್ತು. ಲೆಕ್ಕ ಹಾಕಿ ನೋಡಿ. 200 ಲೀಟರಿನ ಬ್ಯಾರಲ್ಲಿನ ಅಡ್ಡಳತೆ ಸುಮಾರು 58 ಸೆಂಟಿಮೀಟರ್, ಉದ್ದ ಸುಮಾರು 88 ಸೆಂಟಿಮೀಟರ್. ಎರಡೂ ಮುಚ್ಚಳ ಸೇರಿ ಹೊರಮೈ 2 ಚದರ ಮೀಟರಿಗಿಂತ ತುಸು ಹೆಚ್ಚು. ಒಲೆಯು ಒಂದೊಂದು ಬದಿಗೆ 40 ಸೆಂಟಿಮೀಟರ್ ಇದ್ದರೆ ಅದರದು ಇನ್ನೊಂದು ಚದರ ಮೀಟರ್. ಈ ಜಾತಿಯ ತೆಳು ಬಣ್ಣವು ಲೀಟರಿಗೆ ಒಂದು ಕೈಯಲ್ಲಿ 10 ಚದರ ಮೀಟರ್ ಬರುತ್ತದೆ ಎಂದು ಕಡಿಮೆ ಹಿಡಿದರೂ, ಎರಡು ಕೈಗೆ ಮುಕ್ಕಾಲು ಲೀಟರಿನೊಳಗೆ ಇಡೀ ಕೆಲಸ ಮುಗಿಯುತ್ತದೆ.

ಅದರಲ್ಲಿಯೂ 600 ಡಿಗ್ರಿಯ ಬಣ್ಣ ಎಲ್ಲ ಕಡೆಗೂ ಬೇಕಾಗಿಲ್ಲ. ಮೀನು, ಮಾಂಸವನ್ನು ಹೊಗೆಯಲ್ಲಿ ಬೇಯಿಸುವಾಗ ಬ್ಯಾರಲ್ಲಿನೊಳಗಿನ ಗಾಳಿ ಸಾಮಾನ್ಯವಾಗಿ 110ರಿಂದ 135 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಆಯಿಲ್ ಪೇಂಟು ಆ ಶಾಖವನ್ನೇ ಬಹಳ ಹೊತ್ತು ತಾಳಲಾರದು, ಆದರೆ 200 ಅಥವಾ 250 ಡಿಗ್ರಿಯ ದರ್ಜೆಯ ಬಣ್ಣಕ್ಕೆ ಅದು ಲೆಕ್ಕಕ್ಕಿಲ್ಲ. ಕಟ್ಟಿಗೆ ನೇರವಾಗಿ ಉರಿಯುವ ಒಲೆ ಮತ್ತು ಅದು ಬ್ಯಾರಲ್ಲಿಗೆ ಕೂಡುವ ಬಾಯಿ, ಇವೆರಡಕ್ಕೆ ಮಾತ್ರ 600ರ ಬಣ್ಣ ಬೇಕು. ನಿಮ್ಮ ಒಲೆ ಎಷ್ಟು ಕಾಯುತ್ತದೆ ಎಂದು ತಿಳಿಯಲು ಯಂತ್ರವೂ ಬೇಡ: ಅಮಾವಾಸ್ಯೆಯ ಕತ್ತಲಲ್ಲಿ ಜೋರಾಗಿ ಉರಿ ಹಾಕಿ ನೋಡಿ, ತಗಡು ಎಲ್ಲಿಯಾದರೂ ಮಂದವಾಗಿ ಕೆಂಪಗೆ ಕಂಡರೆ ಅಲ್ಲಿ 500 ಡಿಗ್ರಿ ದಾಟಿದೆ ಎಂದು ತಿಳಿಯಬೇಕು. ಹಾಗೆ ಕೆಂಪಾಗುವ ಜಾಗದಲ್ಲಿ ಯಾವ ಬಣ್ಣವೂ ಬಹುಕಾಲ ನಿಲ್ಲುವುದಿಲ್ಲ. ಉರಿಯನ್ನೇ ತಗ್ಗಿಸುವುದು ಲೇಸು.

ಇನ್ನು ಎಲ್ಲಿ ಕೊಳ್ಳಬೇಕೆಂಬುದು. ಮನೆಗೋಡೆಯ ಬಣ್ಣ ಮಾರುವ ಅಂಗಡಿಗಳಲ್ಲಿ ಇದಕ್ಕೆ ಗಿರಾಕಿ ಕಡಿಮೆ, ಆದ್ದರಿಂದ ಅವರು ದೊಡ್ಡ ಡಬ್ಬಿಯನ್ನು ಒಡೆದು ಕೊಡಲು ಹಿಂಜರಿಯುತ್ತಾರೆ. ಆದರೆ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ತುಂಬ ಸಕ್ಕರೆ ಕಾರ್ಖಾನೆಗಳಿವೆ, ಅವುಗಳ ಬಾಯ್ಲರ್ ಮತ್ತು ಚಿಮಣಿಗಳಿಗೆ ಬಳಿಯುವುದೂ ಇದೇ ಜಾತಿಯ ಶಾಖನಿರೋಧಕ ಅಲ್ಯೂಮಿನಿಯಂ ಬಣ್ಣವೇ. ಕಬ್ಬು ನುರಿಸುವ ಹಂಗಾಮು ಮುಗಿದು ದುರಸ್ತಿ ನಡೆಯುವ ಬೇಸಿಗೆಯಲ್ಲಿ ಅಥಣಿ, ಚಿಕ್ಕೋಡಿ, ಮುಧೋಳ, ಜಮಖಂಡಿ ಕಡೆಯ ಕಾರ್ಖಾನೆ ಸಾಮಾನಿನ ಅಂಗಡಿಗಳಲ್ಲಿಯೂ, ಬೆಳಗಾವಿಯ ಉದ್ಯಮಬಾಗದ ಸುತ್ತಲೂ ವಿಚಾರಿಸಿದರೆ ಒಂದು ಲೀಟರ್ ಅಥವಾ ಅರ್ಧ ಲೀಟರ್ ಸಿಗುವ ಸಂಭವ ಹೆಚ್ಚು. ಐ.ಎಸ್. 13183 ಎಂಬ ಭಾರತೀಯ ಮಾನಕದಲ್ಲಿ ಇಂಥ ಬಣ್ಣಕ್ಕೆ 200, 400 ಮತ್ತು 600 ಡಿಗ್ರಿಯ ದರ್ಜೆಗಳಿವೆ. ಡಬ್ಬಿಯ ಮೇಲೆ ದರ್ಜೆಯನ್ನು ಓದಿಯೇ ಹಣ ಕೊಡಿ. ಒಲೆಗೆ ಮಾತ್ರವಾದರೆ ಮೋಟಾರ್ ಸೈಕಲ್ಲಿನ ಸೈಲೆನ್ಸರಿಗೆ ಹೊಡೆಯುವ ಕಪ್ಪು ಸ್ಪ್ರೇ ಬಣ್ಣದ ಒಂದು ಡಬ್ಬಿ, ಬಹಳವಾದರೆ ಎರಡು ಸಾಕು. ಬ್ಯಾರಲ್ಲಿಗೆ ಕಡಿಮೆ ದರ್ಜೆಯ ಬೆಳ್ಳಿ ಬಣ್ಣ, ಒಲೆಗೆ ಸೈಲೆನ್ಸರ್ ಬಣ್ಣ: ನಾನಾದರೆ ಹೀಗೆಯೇ ಮಾಡುತ್ತಿದ್ದೆ. ಎರಡು ಬಗೆಯ ಬಣ್ಣ ಕಂಡು ನೆರೆಹೊರೆಯವರು ನಕ್ಕರೆ ಚಿಂತೆ ಬೇಡ, ನಾಲ್ಕು ತಿಂಗಳಲ್ಲಿ ಮಸಿ ಹತ್ತಿ ಎರಡೂ ಒಂದೇ ಆಗುತ್ತವೆ.

ಹಣ ಉಳಿಸುವುದಕ್ಕಿಂತ ಕಷ್ಟದ ಕೆಲಸವೆಂದರೆ ಈಗಿರುವ ಬಣ್ಣವನ್ನು ತೆಗೆಯುವುದು. ಮೇಲಿನ ಆಯಿಲ್ ಪೇಂಟ್ ಮಾತ್ರವಲ್ಲ, ಕೆಳಗಿನ ರೆಡ್ ಆಕ್ಸೈಡ್ ಕೂಡ ಹೋಗಬೇಕು. ಅದು ತುಕ್ಕಿಗೆ ಒಳ್ಳೆಯದಾದರೂ ಶಾಖಕ್ಕೆ ಆಗದು, ತಾನು ಸುಟ್ಟು ಕಳಚುವಾಗ ಮೇಲಿನ ದುಬಾರಿ ಬಣ್ಣವನ್ನೂ ಕರೆದುಕೊಂಡು ಹೋಗುತ್ತದೆ. ಪೇಂಟ್ ರಿಮೂವರ್ ಹಚ್ಚಿ ಕೆರೆದು, ತಂತಿ ಬ್ರಷ್ಷಿನಿಂದ ಉಜ್ಜಿ, ಎಮರಿ ಕಾಗದದಿಂದ ಕಬ್ಬಿಣ ಬೆಳ್ಳಗೆ ಕಾಣುವವರೆಗೆ ತಿಕ್ಕಬೇಕು. ಬ್ಯಾರಲ್ಲಿನ ಮೂಲ ಬಣ್ಣ ಹಳೆಯ ಕೆಂಪು ಅಥವಾ ಹಳದಿಯಾಗಿದ್ದರೆ ಅದರಲ್ಲಿ ಸೀಸವಿರಬಹುದು, ಆದುದರಿಂದ ಒಣಗಿದ್ದಾಗ ಕೆರೆಯದೆ ನೀರು ಚಿಮುಕಿಸಿ, ಮೂಗಿಗೆ ಒಳ್ಳೆಯ ಮಾಸ್ಕ್ ಧರಿಸಿ ಉಜ್ಜಿರಿ, ಸುಡಬೇಡಿ. ಕೊನೆಗೆ ತಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಬರಿಗೈ ತಾಗಿಸದೆ ಅಂದೇ ಬಣ್ಣ ಹಚ್ಚಬೇಕು. ನಿಮ್ಮ ಕಡೆ ಮಳೆಗಾಲದಲ್ಲಿ ಒಂದೇ ರಾತ್ರಿಯಲ್ಲಿ ಹೊಸ ತುಕ್ಕು ಹಿಡಿಯುತ್ತದೆ.

ಬಣ್ಣದ ಪದರು ತೆಳುವಾಗಿರಬೇಕು. ದಪ್ಪ ಬಳಿದರೆ ಹೆಚ್ಚು ತಾಳುತ್ತದೆ ಎಂದು ನಮ್ಮ ಪೇಂಟರುಗಳು ನಂಬಿದ್ದಾರೆ, ಆದರೆ ಇಲ್ಲಿ ಅದು ತಲೆಕೆಳಗು: ದಪ್ಪ ಪದರಿನೊಳಗೆ ಸಿಕ್ಕಿದ ತಿನ್ನರ್ ಕಾದಾಗ ಉಬ್ಬಿ ಗುಳ್ಳೆ ಏಳುತ್ತದೆ. ಎರಡನೆಯ ಕೈ ಹಚ್ಚಿ ಒಂದು ದಿನ ಒಣಗಿದ ಮೇಲೂ ಬಣ್ಣ ಇನ್ನೂ ಹಸಿಯೇ. ಖಾಲಿ ಬ್ಯಾರಲ್ಲಿಗೆ ಸಣ್ಣ ಉರಿ ಕೊಟ್ಟು 120 ಡಿಗ್ರಿಯ ಹತ್ತಿರ ಅರ್ಧ ಗಂಟೆ ಕಾಯಿಸಿ ಪೂರ್ತಿ ಆರಲು ಬಿಡಿ, ಮತ್ತೆ 200ರ ಸುಮಾರಿಗೆ ಅರ್ಧ ಗಂಟೆ, ಆಮೇಲೆ ಒಲೆಗೆ ಪೂರ್ಣ ಉರಿ. ಡಬ್ಬಿಯ ಮೇಲೆ ಬೇರೆ ಕ್ರಮ ಬರೆದಿದ್ದರೆ ಅದನ್ನೇ ಪಾಲಿಸಿ. ಆಗ ಏಳುವ ಹೊಗೆ ಕೆಟ್ಟ ವಾಸನೆಯದು. ಅದು ನಿಂತ ಮೇಲೆಯೇ ಮೀನನ್ನು ಒಳಗಿಡಬೇಕು.

ಬ್ಯಾರಲ್ಲಿನ ಒಳಮೈಗೆ ಮಾತ್ರ ಯಾವ ಬಣ್ಣವನ್ನೂ ಹಚ್ಚಬೇಡಿ. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಅಂಶ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ 2017ರಿಂದ ಜಾರಿಯಲ್ಲಿದೆಯಾದರೂ, ಕಾರ್ಖಾನೆಗೆ ಬಳಸುವ ಬಣ್ಣಗಳು ಆ ನಿಯಮದೊಳಗೆ ಬರುವುದಿಲ್ಲ.

ಪ್ರಶ್ನೆ: ಕಿಟಕಿಯ ಸರಳಿಗೆ ಹಚ್ಚುವ ಸಿಲ್ವರ್ ಪೇಂಟ್ ಕೂಡ ಅಲ್ಯೂಮಿನಿಯಮ್ಮೇ ಅಲ್ಲವೇ? ಅದನ್ನೇ ಕೋಳಿ ಸುಡುವ ಬ್ಯಾರಲ್ಲಿಗೆ ಬಳಿದರೆ ಏಕೆ ಆಗದು?
— ಓದುಗರು, ಮುಧೋಳ

ಉತ್ತರ: ಪುಡಿ ಒಂದೇ, ಅಂಟು ಬೇರೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ, ಆದ್ದರಿಂದ ಆ ಪುಡಿಗೆ ನಿಮ್ಮ ಉರಿಯ ಭಯವಿಲ್ಲ. ಆದರೆ ಅದನ್ನು ಕಬ್ಬಿಣಕ್ಕೆ ಹಿಡಿದಿಡುವ ಅಂಟು ಸಾಮಾನ್ಯ ಸಿಲ್ವರ್ ಪೇಂಟಿನಲ್ಲಿ ಎಣ್ಣೆಯ ಮೂಲದ್ದಾಗಿರುವುದರಿಂದ ಸುಟ್ಟು ಹೋಗಿ, ಪುಡಿ ಕೈಗೆ ಬೂದಿಯಂತೆ ಹತ್ತುತ್ತದೆ. 600 ಡಿಗ್ರಿಯ ಬಣ್ಣದಲ್ಲಿ ಸಿಲಿಕೋನ್ ಅಂಟಿರುತ್ತದೆ. ಕಾದಾಗ ಅದರ ಇಂಗಾಲದ ಭಾಗ ಉರಿದುಹೋದರೂ ಮರಳಿನ ಜಾತಿಯದೇ ಆದ ಸಿಲಿಕಾ ಉಳಿದು ಪುಡಿಯನ್ನು ಬಿಗಿಯಾಗಿ ಹಿಡಿಯುತ್ತದೆ. ಬೆಲೆಯ ವ್ಯತ್ಯಾಸವೆಲ್ಲ ಆ ಅಂಟಿನದು.

ಪ್ರಶ್ನೆ: ಬಣ್ಣವೇ ಬೇಡವೆಂದು, ರೊಟ್ಟಿಯ ಹಂಚನ್ನು ಪಳಗಿಸಿದಂತೆ ಎಣ್ಣೆಯಿಂದಲೇ ಪಳಗಿಸಬಹುದೇ?
— ಓದುಗರು, ವಿಜಯಪುರ

ಉತ್ತರ: ಬ್ಯಾರಲ್ಲಿಗೆ ಧಾರಾಳವಾಗಿ ಮಾಡಬಹುದು, ಒಳಮೈಗೆ ಅದೇ ಸರಿಯಾದ ಉಪಾಯ ಕೂಡ. ನಿಮ್ಮ ಜಿಲ್ಲೆಯ ಹೊಲಗಳಲ್ಲಿ ಬೆಳೆಯುವ ಕುಸುಬಿ ಮತ್ತು ಅಗಸಿ, ಎರಡರ ಎಣ್ಣೆಯೂ ಗಾಳಿಗೆ ಗಟ್ಟಿಯಾಗಿ ಒಣಗುವ ಜಾತಿಯವು; ಶೇಂಗಾ ಎಣ್ಣೆಗಿಂತ ಈ ಕೆಲಸಕ್ಕೆ ಮೇಲು. ಕುಸುಬಿ ಎಣ್ಣೆ ಕೊಳ್ಳುವಾಗ ಗಾಣದ್ದನ್ನು ಕೇಳಿ, ಏಕೆಂದರೆ ಪೇಟೆಯಲ್ಲಿ ಬೇಗ ಗಟ್ಟಿಯಾಗದ ತಳಿಯ ಎಣ್ಣೆಯೂ ಇದೆ. ಉಜ್ಜಿದ ಬ್ಯಾರಲ್ಲನ್ನು ಬೆಚ್ಚಗೆ ಮಾಡಿ, ಎಣ್ಣೆ ಸವರಿ, ಸವರಿದ್ದೇ ಇಲ್ಲವೆಂಬಷ್ಟು ಒರೆಸಿ ತೆಗೆದು, ಹೊಗೆ ನಿಲ್ಲುವವರೆಗೆ ಕಾಯಿಸಿ. ಹೀಗೆ ನಾಲ್ಕು ಸಲ. ಒಲೆಯ ಮೇಲೆ ಈ ಪದರು ಸುಟ್ಟು ಹೋಗುತ್ತದೆ, ಅಲ್ಲಿಗೆ ಬಣ್ಣವೇ ಬೇಕು, ಇಲ್ಲವೆ ತುಕ್ಕನ್ನು ಒಪ್ಪಿಕೊಳ್ಳಬೇಕು. ಒಂದು ಎಚ್ಚರಿಕೆ ಮರೆಯಬೇಡಿ: ಅಗಸಿ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ, ಎಣ್ಣೆ ಒಣಗುವಾಗ ಹುಟ್ಟುವ ಶಾಖ ಹೊರಹೋಗಲಾರದೆ ಅದು ತಾನಾಗಿಯೇ ಹೊತ್ತಿಕೊಳ್ಳಬಹುದು. ಕೆಲಸ ಮುಗಿದ ಕೂಡಲೇ ಅದನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿಡಿ.