ಎಂಜಲು ಕೈಯಲ್ಲಿ ಎದ್ದು ನಿಂತ ನಟ

ಮಾನ್ಯ ಓದುಗರೇ,

ದಾವಣಗೆರೆಯ ಹೋಟೆಲೊಂದರಲ್ಲಿ ಭಾನುವಾರ ಬೆಳಿಗ್ಗೆ ಹೆಂಡತಿ ಮತ್ತು ಮಗಳೊಂದಿಗೆ ಬೆಣ್ಣೆದೋಸೆ ತಿನ್ನುತ್ತಿದ್ದ ಚಿತ್ರನಟರೊಬ್ಬರ ಬಳಿ ಹೋಗಿ ನೀವು ಸೆಲ್ಫಿ ಕೇಳಿದಿರಿ. ಅವರು ಎದ್ದು ನಿಂತರು, ಆದರೆ ನಗಲಿಲ್ಲ. ಮನೆಗೆ ಬಂದ ಮೇಲೆ ನಿಮ್ಮ ಮಗ ನಿಮ್ಮನ್ನೇ ಆಕ್ಷೇಪಿಸಿದ. ನಮ್ಮ ಟಿಕೆಟ್ ದುಡ್ಡಿನಿಂದ ಬೆಳೆದವರು ಒಂದು ನಗು ಕೊಡಬಾರದೇ, ಹೋಟೆಲಿನಲ್ಲಿ ಕುಳಿತವರಿಗೆ ಎಂಥ ಖಾಸಗಿತನ, ಡಾ. ರಾಜ್‌ಕುಮಾರ್ ನಮ್ಮನ್ನು ‘ಅಭಿಮಾನಿ ದೇವರುಗಳು’ ಎನ್ನುತ್ತಿರಲಿಲ್ಲವೇ ಎಂದು ಕೇಳಿದ್ದೀರಿ.

ನಾನು ನಿಮ್ಮ ಮಗನ ಪಕ್ಷ. ಉಣ್ಣಲು ಕುಳಿತವರನ್ನು ಅರ್ಧಕ್ಕೆ ಎಬ್ಬಿಸಬಾರದೆಂಬುದು ನಮ್ಮ ಸೀಮೆಯ ಮನೆಗಳಲ್ಲಿ ಮಕ್ಕಳಿಗೂ ಗೊತ್ತಿರುವ ನಡತೆ; ಸಾಲ ವಸೂಲಿಗೆಂದು ಬಾಗಿಲಿಗೆ ಬಂದವನೂ ಒಳಗೆ ಊಟ ನಡೆದಿದೆಯೆಂದರೆ ಜಗಲಿಯ ಮೇಲೆ ಕಾಯುತ್ತಾನೆ. ನಿಮ್ಮ ಬೀಗರು ಎಲೆಯ ಮುಂದೆ ಕುಳಿತಿದ್ದಾಗ ಫೋಟೊಕ್ಕೆಂದು ನೀವು ಅವರನ್ನು ಎಬ್ಬಿಸುತ್ತಿರಲಿಲ್ಲ. ಅದರಲ್ಲೂ ಬೆಣ್ಣೆದೋಸೆಯ ರುಚಿ ಹೆಂಚಿನಿಂದ ಇಳಿದ ಬಿಸಿಯಲ್ಲಿಯೇ ಇರುತ್ತದೆಂದು ದಾವಣಗೆರೆಯವರಾದ ನಿಮಗೆ ನಾನು ಹೇಳಬೇಕಾಗಿಲ್ಲ.

ಟಿಕೆಟ್ಟಿನ ಲೆಕ್ಕವನ್ನು ಬೇಗ ಮುಗಿಸಬಹುದು: ಕೊಟ್ಟ ದುಡ್ಡಿಗೆ ಸಿನಿಮಾ ನೋಡಿದ್ದಾಯಿತು. ರಾಜ್‌ಕುಮಾರ್ ಅವರ ಮಾತು ಹಾಗಲ್ಲ, ಅದು ಯೋಚಿಸತಕ್ಕದ್ದು. ಅಭಿಮಾನಿಗಳನ್ನು ದೇವರೆಂದದ್ದು ಅವರ ವಿನಯ. ಹೇಳುವವರ ಬಾಯಲ್ಲಿ ಅದು ಎಷ್ಟು ದೊಡ್ಡ ಮಾತೋ, ಕೇಳಿಸಿಕೊಂಡ ನಾವೇ ಅದನ್ನು ಹಕ್ಕುಪತ್ರದಂತೆ ಹಿಡಿದು ಇನ್ನೊಬ್ಬ ನಟರ ತಟ್ಟೆಯ ಮುಂದೆ ನಿಂತರೆ ಅಷ್ಟೇ ಸಣ್ಣದಾಗುತ್ತದೆ.

ಖಾಸಗಿತನದ ವಿಷಯಕ್ಕೆ ಬಂದರೆ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತಾಗ, ಸಾರ್ವಜನಿಕ ಸ್ಥಳದಲ್ಲಿದ್ದ ಮಾತ್ರಕ್ಕೆ ಮನುಷ್ಯನ ಖಾಸಗಿತನ ಕಳೆದುಹೋಗುವುದಿಲ್ಲವೆಂದು ನ್ಯಾಯಮೂರ್ತಿ ಚಂದ್ರಚೂಡ್ ಬರೆದರು. ದೋಸೆಯ ಮೇಜಿಗೆ ಕೋರ್ಟನ್ನು ಎಳೆದು ತರುವ ಉದ್ದೇಶ ನನ್ನದಲ್ಲ. ನೀವು ಕೇಳಿದಿರೆಂದು ಹೇಳಿದೆ.

ನಾನೂ ಸಾಚಾ ಅಲ್ಲ. ಬಹಳ ವರ್ಷಗಳ ಹಿಂದೆ ಚಿತ್ರದುರ್ಗದ ಕೋಟೆ ಹತ್ತುತ್ತಿದ್ದಾಗ, ಒನಕೆ ಓಬವ್ವನ ಕಿಂಡಿಯ ಹತ್ತಿರ ಬಂಡೆಗೊರಗಿ ಏದುಸಿರು ಬಿಡುತ್ತಿದ್ದ ಹಿರಿಯ ನಟರೊಬ್ಬರ ಮುಂದೆ ಪೆನ್ನು ಚಾಚಿದ್ದೆ. ಅವರು ನೀರಿನ ಬಾಟಲಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನನ್ನ ಬಸ್ ಟಿಕೆಟ್ಟಿನ ಹಿಂದೆ ಸಹಿ ಹಾಕಿಕೊಟ್ಟರು. ಆ ಟಿಕೆಟ್ಟು ಎಲ್ಲಿ ಹೋಯಿತೋ. ಅವರ ಏದುಸಿರು ಮಾತ್ರ ಈಗಲೂ ಕೇಳಿಸುತ್ತದೆ.

ಹಾಗಾದರೆ ಏನು ಮಾಡಬೇಕಿತ್ತು? ಕಣ್ಣು ಕಲೆತರೆ ದೂರದಿಂದಲೇ ಒಂದು ನಮಸ್ಕಾರ. ಮಾತಾಡಲೇಬೇಕೆಂದಿದ್ದರೆ ಅವರು ಕೈ ತೊಳೆದು ಹೊರಗೆ ಬರುವವರೆಗೆ ಕಾಯ್ದು, ಯಾವ ಪಾತ್ರ ಇಷ್ಟವಾಯಿತೆಂದು ಹೇಳಿ, ಫೋಟೊ ಬೇಕಿದ್ದರೆ ಒಮ್ಮೆ ಕೇಳಬಹುದಿತ್ತು. ಬೇಡವೆಂದರೆ ಕಾರಣ ಕೇಳದೆ ಸರಿಯುವುದು.

ಆ ಸೆಲ್ಫಿಯಲ್ಲಿ ಹಿಂದೆ ಕುಳಿತಿದ್ದ ಅವರ ಮಗಳ ಮುಖವೂ ಬಂದಿದೆ, ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದ್ದೇನೆ ಎಂದು ಬರೆದಿದ್ದೀರಿ. ಆ ಹುಡುಗಿಯನ್ನು ಯಾರೂ ಕೇಳಿಲ್ಲ. ಈ ಉತ್ತರ ಓದಿ ಮುಗಿಸಿದ ಕೂಡಲೇ ದಯವಿಟ್ಟು ಅದನ್ನು ತೆಗೆದುಬಿಡಿ.

– ಸಂಪಾದಕ